ಕಂಪನಿ ಬೇರೆಯಾದರೂ ಗೋಡೆಯ ಬಣ್ಣ ಹೊಂದಬೇಕೆಂದರೆ

ಮಲೆನಾಡಿನಲ್ಲಿ ಮನೆಯ ಬಣ್ಣ ಒಂದೇ ಸಲಕ್ಕೆ ಹಾಳಾಗುವುದಿಲ್ಲ. ಮಳೆ ಬಡಿಯುವ ಪಡುವಣ ಗೋಡೆ ಮೊದಲು ಥಂಡಿ ಹಿಡಿದು ಪುಟ್ಟಿ ಏಳುತ್ತದೆ. ಉಳಿದ ಮೂರು ಗೋಡೆಗಳು ಇನ್ನೂ ನಾಲ್ಕೈದು ವರ್ಷ ಬಾಳುವ ಹಾಗಿರುತ್ತವೆ. ಆಗ ಒಂದೇ ಗೋಡೆಗೆ ಬಣ್ಣ ಹೊಡೆಸಬೇಕು, ಅದು ಉಳಿದವಕ್ಕೆ ಹೊಂದಬೇಕು. ಆದರೆ ಹಿಂದೆ ತಂದ ಕಂಪನಿಯ ಮಾಲು ಹತ್ತಿರದ ಅಂಗಡಿಯಲ್ಲಿ ಸಿಗುತ್ತಿಲ್ಲ, ಅಥವಾ ಆ ಶೇಡೇ ಈಗಿನ ಪುಸ್ತಕದಲ್ಲಿಲ್ಲ, ಅಥವಾ ಪೇಂಟರ್‌ಗೆ ಕೈಗೆ ಒಗ್ಗಿದ ಕಂಪನಿಯೇ ಬೇರೆ. ಏಷ್ಯನ್ ಪೇಂಟ್ಸ್, ಬರ್ಜರ್, ನೆರೋಲಾಕ್, ಡ್ಯುಲಕ್ಸ್, ಇಂಡಿಗೋ, ಜೆಎಸ್‌ಡಬ್ಲ್ಯು, 2024ರಲ್ಲಿ ಮಾರುಕಟ್ಟೆಗೆ ಬಂದ ಬಿರ್ಲಾ ಓಪಸ್ ಹೀಗೆ ಕಂಪನಿಗಳು ಹೆಚ್ಚಿದಷ್ಟೂ ಈ ಸಮಸ್ಯೆ ಹೆಚ್ಚುತ್ತಿದೆ.

ಮೊದಲೇ ಹೇಳಿಬಿಡಬೇಕಾದ ಮಾತು: ಗೋಡೆಯ ನಡುವೆ ಎರಡಡಿ ಜಾಗಕ್ಕೆ ಬೇರೆ ಕಂಪನಿಯ ಬಣ್ಣದ ತೇಪೆ ಹಾಕಿ ಅದು ಕಾಣಿಸದ ಹಾಗೆ ಮಾಡುವುದು ಆಗದ ಕೆಲಸ ಎಂದೇ ಇಟ್ಟುಕೊಳ್ಳಿ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಗೋಡೆಗೆ ಹೊಡೆಸಿದರೆ, ಪಕ್ಕದ ಹಳೆಯ ಗೋಡೆಗೆ ಕಣ್ಣಿಗೆ ವ್ಯತ್ಯಾಸ ತಿಳಿಯದಷ್ಟು ಹತ್ತಿರ ತರಬಹುದು. ಎರಡು ಗೋಡೆಗಳ ಮೇಲೆ ಬೆಳಕು ಬೀಳುವ ಕೋನವೇ ಬೇರೆ. ಹಾಗಾಗಿ ಒಂದೇ ಡಬ್ಬಿಯ ಬಣ್ಣವೂ ಮೂಲೆಯಲ್ಲಿ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ, ಕಣ್ಣು ಅದನ್ನು ಒಪ್ಪಿಕೊಂಡುಬಿಡುತ್ತದೆ. ಈ ಕೆಲಸದಲ್ಲಿ ನಮ್ಮ ದೊಡ್ಡ ಆಸರೆ ಮೂಲೆಯೇ.

ಒಂದೇ ಹೆಸರು, ಬೇರೆ ಬಣ್ಣ

ಶೇಡ್ ಕೋಡ್ ಎಂಬುದು ಆಯಾ ಕಂಪನಿಯ ಸ್ವಂತ ಲೆಕ್ಕ. ಒಂದರ ನಂಬರಿಗೂ ಇನ್ನೊಂದರ ನಂಬರಿಗೂ ಸಂಬಂಧವಿಲ್ಲ. ಹೆಸರಂತೂ ಇನ್ನೂ ಮೋಸ: ‘ಐವರಿ’ ಎಂದು ನಾಲ್ಕು ಅಂಗಡಿಯಲ್ಲಿ ಕೇಳಿದರೆ ಒಬ್ಬರು ಹಳದಿ ಕಡೆಗಿರುವುದನ್ನು, ಇನ್ನೊಬ್ಬರು ನಸುಗೆಂಪು ಕಡೆಗಿರುವುದನ್ನು ಕೊಡುತ್ತಾರೆ.

ಬಣ್ಣ ತಯಾರಾಗುವ ಬಗೆ ತಿಳಿದರೆ ಕಾರಣ ಸ್ಪಷ್ಟವಾಗುತ್ತದೆ. ಅಂಗಡಿಗೆ ಬರುವುದು ಬೇಸ್, ಅಂದರೆ ಇನ್ನೂ ಬಣ್ಣ ಬೆರೆಸದ ಮೂಲ ಮಾಲು. ತೆಳು ಬಣ್ಣಗಳ ಬೇಸ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಹೆಚ್ಚಿರುತ್ತದೆ, ಗಾಢ ಬಣ್ಣಗಳ ಬೇಸ್‌ನಲ್ಲಿ ತೀರಾ ಕಡಿಮೆ ಇರುತ್ತದೆ ಅಥವಾ ಇರುವುದೇ ಇಲ್ಲ. ಟಿಂಟಿಂಗ್ ಯಂತ್ರ ಆ ಬೇಸ್‌ಗೆ ಹಳದಿ ಆಕ್ಸೈಡ್, ಕೆಂಪು ಆಕ್ಸೈಡ್, ಕಪ್ಪು, ನೀಲಿ, ಹಸಿರು ಮೊದಲಾದ ಕಲರೆಂಟ್‌ಗಳನ್ನು ಮಿಲಿಲೀಟರ್ ಲೆಕ್ಕದಲ್ಲಿ ಸುರಿಯುತ್ತದೆ. ಬೇಸ್‌ನ ಬಿಳುಪು, ಕಲರೆಂಟ್‌ನ ಸತ್ವ, ಒಣಗಿದ ಮೇಲಿನ ಹೊಳಪು, ಮೂರೂ ಕಂಪನಿಯಿಂದ ಕಂಪನಿಗೆ ಬೇರೆ. ಎಮಲ್ಷನ್ ಅಂದರೆ ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ; ಒಂದೇ ಕಂಪನಿಯಲ್ಲೂ ಅಗ್ಗದ ಎಮಲ್ಷನ್‌ಗೂ ದುಬಾರಿ ಎಮಲ್ಷನ್‌ಗೂ ಬೇಸ್ ಬೇರೆ. ಆದ್ದರಿಂದ ಕೋಡ್ ಅದೇ ಇದ್ದು ಮಾಲಿನ ದರ್ಜೆ ಬದಲಾದರೆ ಗೋಡೆಯ ಮೇಲೆ ಸಣ್ಣ ವ್ಯತ್ಯಾಸ ಬಂದೇ ಬರುತ್ತದೆ.

ಇದರಿಂದ ಹೊರಡುವ ಮೊದಲ ಕೆಲಸ: ಬೇರೆ ಕಂಪನಿಗೆ ಹೋಗಲೇಬೇಕೇ ಎಂದು ನೋಡಿ. ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಡಬ್ಬಿ ಇದ್ದರೆ ಮುಚ್ಚಳದ ಮೇಲೊಂದು ಚೀಟಿ ಅಂಟಿರುತ್ತದೆ. ಅದರಲ್ಲಿ ಮಾಲಿನ ಹೆಸರು, ಶೇಡ್ ಕೋಡ್, ಬೇಸ್, ತಾರೀಕು ಇರುತ್ತವೆ. ಕೆಲವದರಲ್ಲಿ ಕಲರೆಂಟ್‌ಗಳ ಅಳತೆಯೂ ಇರುತ್ತದೆ. ಡಬ್ಬಿ ಸಿಗದಿದ್ದರೆ ಹಳೆಯ ಬಿಲ್ಲು ಹುಡುಕಿ. ಟಿಂಟಿಂಗ್ ಮಾಡಿದ ಅಂಗಡಿಯ ಕಂಪ್ಯೂಟರ್‌ನಲ್ಲಿ ನಿಮ್ಮ ಫೋನ್ ನಂಬರಿನಡಿ ದಾಖಲೆ ಉಳಿದಿರುವುದೂ ಉಂಟು. ಅದೇ ಕಂಪನಿ, ಅದೇ ದರ್ಜೆ, ಅದೇ ಕೋಡ್ ಸಿಕ್ಕರೆ ಹದಿನೈದು ಇಪ್ಪತ್ತು ಕಿಲೋಮೀಟರ್ ಹೆಚ್ಚು ಓಡಾಡಿದರೂ ಅದೇ ವಾಸಿ. ಏನೂ ಸಿಗದಿದ್ದರೆ ಮುಂದೆ ಓದಿ.

ಗೋಡೆಯಿಂದ ತುಣುಕು ತೆಗೆಯುವುದು

ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಬೇಡಿ. ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದುತ್ತದೆ, ತೋರಿಸುವ ಪರದೆ ಇನ್ನೊಮ್ಮೆ ತಿದ್ದುತ್ತದೆ. ಯಂತ್ರಕ್ಕೂ ಕಣ್ಣಿಗೂ ಬೇಕಾದದ್ದು ಗೋಡೆಯದೇ ತುಣುಕು.

ಅಳತೆ ಎರಡು ಇಂಚು ಚದರ ಇದ್ದರೆ ಒಳ್ಳೆಯದು, ಒಂದು ಇಂಚಿಗಿಂತ ಕಡಿಮೆ ಬೇಡ. ಸ್ಪೆಕ್ಟ್ರೋಫೋಟೋಮೀಟರ್ ಎಂಬ ಬಣ್ಣ ಅಳೆಯುವ ಯಂತ್ರದ ಕಿಂಡಿ ಒಂದು ಬಟಾಣಿಯಷ್ಟೇ ಇದ್ದರೂ, ಮೂರು ಜಾಗದಲ್ಲಿ ಅಳೆದು ಸರಾಸರಿ ತೆಗೆಯಲು ಅಷ್ಟು ಜಾಗ ಬೇಕು. ಹೊಸ ಬ್ಲೇಡ್ ಹಾಕಿದ ಕಟರ್‌ನಿಂದ ಚೌಕ ಗೆರೆ ಎಳೆದು, ಪುಟ್ಟಿಯವರೆಗೂ ಇಳಿಸಿ, ಅಗಲವಾದ ಪುಟ್ಟಿ ಬ್ಲೇಡನ್ನು ಅಡಿಯಿಂದ ತೂರಿಸಿ ಎಬ್ಬಿಸಿ. ಪುಟ್ಟಿ ಸಮೇತ ಬಂದರೆ ತುಣುಕು ಮುರಿಯುವುದಿಲ್ಲ. ಎರಡು ರಟ್ಟಿನ ನಡುವೆ ಇಟ್ಟು ಒಯ್ಯಿರಿ, ಜೇಬಿಗೆ ಹಾಕಬೇಡಿ.

ಎಲ್ಲಿಂದ ತೆಗೆಯಬೇಕು ಎಂಬಲ್ಲೇ ಹೆಚ್ಚಿನವರು ಎಡವುವುದು. ಸ್ವಿಚ್ ಬೋರ್ಡಿನ ಪ್ಲೇಟ್ ಬಿಚ್ಚಿದರೆ ಅದರ ಅಡಿಯಲ್ಲಿ ಬಣ್ಣ ಸಿಗುತ್ತದೆ, ಗೋಡೆಯೂ ಕೆಡುವುದಿಲ್ಲ (ಮೇನ್ ಆಫ್ ಮಾಡಿಯೇ ಬಿಚ್ಚಿ). ಆದರೆ ಅಲ್ಲಿರುವುದು ಬೆಳಕು, ಹೊಗೆ ಕಾಣದ, ಹೊಡೆಸಿದ ದಿನದ ಬಣ್ಣ. ಕಪಾಟಿನ ಹಿಂದೆ, ಫೋಟೋ ಫ್ರೇಮಿನ ಹಿಂದೆ ಇರುವುದೂ ಹಾಗೆಯೇ. ಕೋಣೆ ಪೂರ್ತಿ ಅದೇ ಬಣ್ಣಕ್ಕೆ ಮರಳಿಸುವುದಾದರೆ ಈ ತುಣುಕು ಸರಿ. ಒಂದೇ ಗೋಡೆ ಹೊಡೆಸಿ ಉಳಿದ ಹಳೆಯ ಗೋಡೆಗಳಿಗೆ ಹೊಂದಿಸುವುದಾದರೆ ಇದು ತಪ್ಪು ತುಣುಕು. ಕಣ್ಣಿಗೆ ಕಾಣುವ, ಮಾಸಿದ ಗೋಡೆಯಿಂದಲೇ ತೆಗೆಯಬೇಕು. ಹೊಸ ಗೋಡೆಗೆ ತಾಗಿಕೊಂಡೇ ಇರುವ ಪಕ್ಕದ ಗೋಡೆಯ ಮೂಲೆಯ ಹತ್ತಿರ, ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ ತೆಗೆದದ್ದು ಎಲ್ಲಕ್ಕಿಂತ ನಿಜ. ಹಾಗೆ ಕಿತ್ತ ಜಾಗಕ್ಕೆ ಪುಟ್ಟಿ ತುಂಬಿ ಅದೇ ಬಣ್ಣದಿಂದ ಮುಚ್ಚಬೇಕಾಗುತ್ತದೆ, ಆದ್ದರಿಂದ ಆದಷ್ಟು ಮೂಲೆಗೆ ಒತ್ತಿ, ಬಾಗಿಲ ಮರೆಯಲ್ಲಿ ಜಾಗ ಆರಿಸಿ.

ಪಾಚಿ ಕಟ್ಟಿದ, ಬೂಷ್ಟು ಬಂದ, ಉಪ್ಪು ಬಿಟ್ಟ ಭಾಗ ಬೇಡ. ಬಚ್ಚಲು ಮನೆಯ ಹಂಡೆ ಒಲೆಯ ಹೊಗೆ, ಅಡಿಕೆ ಬೇಯಿಸುವ ಒಲೆಯ ಹೊಗೆ ಹತ್ತಿದ ಗೋಡೆಯ ತುಣುಕನ್ನು ಹಾಗೆಯೇ ಅಳೆದರೆ ಯಂತ್ರ ಮಸಿಯನ್ನೂ ಬಣ್ಣವೆಂದೇ ಓದಿ ಕಪ್ಪು ಕಲರೆಂಟ್ ಹೆಚ್ಚು ಹಾಕುತ್ತದೆ. ಗೋಡೆಯನ್ನು ತೊಳೆಯುವ ಇರಾದೆಯಿದ್ದರೆ ಮೊದಲು ತೊಳೆದು, ಒಂದು ದಿನ ಒಣಗಲು ಬಿಟ್ಟು ಆಮೇಲೆ ತುಣುಕು ತೆಗೆಯಿರಿ. ಸಾಬೂನು ನೀರಿನ ಮೆತ್ತನೆ ಬಟ್ಟೆ ಸಾಕು. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣವನ್ನು ಬಲವಾಗಿ ತಿಕ್ಕಿದರೆ ಅಲ್ಲಿ ಹೊಳಪು ಏರಿ ಅಳತೆಯೇ ತಪ್ಪುತ್ತದೆ.

ಅಂಗಡಿಯಲ್ಲಿ ಮೂರು ದಾರಿ

ಹಳೆಯ ಕಂಪನಿಯ ಕೋಡ್ ಗೊತ್ತಿದ್ದರೆ, ಹಲವು ಟಿಂಟಿಂಗ್ ಯಂತ್ರಗಳ ಸಾಫ್ಟ್‌ವೇರ್‌ನಲ್ಲಿ ಎದುರಾಳಿ ಕಂಪನಿಗಳ ಶೇಡ್‌ಗಳಿಗೂ ಸೂತ್ರ ಇರುತ್ತದೆ. ಕೋಡ್ ಕೊಟ್ಟು ಕೇಳಿ. ಇದು ಎಲ್ಲಕ್ಕಿಂತ ಬೇಗ ಆಗುವ ದಾರಿ, ಆದರೆ ಆ ಸೂತ್ರ ಹೊಸ ಶೇಡ್ ಕಾರ್ಡನ್ನು ಅಳೆದು ಮಾಡಿದ್ದು. ಆರು ವರ್ಷ ಹಳೆಯ ನಿಮ್ಮ ಗೋಡೆಯನ್ನು ಅದು ನೋಡಿಲ್ಲ. ಕೋಣೆ ಪೂರ್ತಿ ಹೊಡೆಸುವವರಿಗೆ ಸಾಕು, ಒಂದು ಗೋಡೆಯವರಿಗೆ ಸಾಲದು.

ಎರಡನೆಯದು ತುಣುಕನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಅಳೆಯಿಸುವುದು. ಎಲ್ಲ ಅಂಗಡಿಗಳಲ್ಲೂ ಇದು ಇರುವುದಿಲ್ಲ, ಹೋಗುವ ಮೊದಲು ಫೋನ್ ಮಾಡಿ ಕೇಳಿ. ಯಂತ್ರ ತುಣುಕಿನ ಮೇಲೆ ಬೆಳಕು ಚೆಲ್ಲಿ, ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗಿನ ಪ್ರತಿ ಅಲೆಯಲ್ಲಿ ಎಷ್ಟು ಹಿಂದಿರುಗಿತು ಎಂದು ಅಳೆಯುತ್ತದೆ. ಅದನ್ನು ಮೂರು ಅಂಕಿಗಳಾಗಿ ಕೊಡುತ್ತದೆ: ಎಲ್ ಅಂದರೆ ಕಪ್ಪಿನಿಂದ ಬಿಳಿಯವರೆಗೆ 0ಯಿಂದ 100, ಎ ಅಂದರೆ ಹಸಿರಿನಿಂದ ಕೆಂಪಿನ ಕಡೆಗೆ, ಬಿ ಅಂದರೆ ನೀಲಿಯಿಂದ ಹಳದಿಯ ಕಡೆಗೆ. 1976ರಲ್ಲಿ ಸಿಐಇ ಎಂಬ ಅಂತರರಾಷ್ಟ್ರೀಯ ಬೆಳಕಿನ ಆಯೋಗ ಒಪ್ಪಿದ ಪದ್ಧತಿ ಇದು. ಎರಡು ಬಣ್ಣಗಳ ನಡುವಿನ ದೂರವನ್ನು ಡೆಲ್ಟಾ ಇ ಎನ್ನುತ್ತಾರೆ. ಸಾಫ್ಟ್‌ವೇರ್ ಸೂತ್ರ ಕೊಡುವಾಗ ಈ ಅಂಕಿಯನ್ನೂ ತೋರಿಸುತ್ತದೆ, ಅಂಗಡಿಯವರು ಹೇಳದಿದ್ದರೆ ಕೇಳಿ ತಿಳಿದುಕೊಳ್ಳಿ. ಸುಮಾರು 1ರ ಒಳಗಿದ್ದರೆ ಪಕ್ಕಪಕ್ಕ ಇಟ್ಟರೂ ಹೆಚ್ಚಿನವರ ಕಣ್ಣಿಗೆ ತಿಳಿಯದು. 2ರ ಹತ್ತಿರವಿದ್ದರೆ ಮೂಲೆಯಲ್ಲಿ ನಡೆದೀತು, ಒಂದೇ ಗೋಡೆಯ ಮೇಲೆ ನಡೆಯದು. 3 ದಾಟಿದರೆ ಬೇರೆ ಸೂತ್ರ ಹುಡುಕಬೇಕು ಅಥವಾ ಬೇರೆ ಬೇಸ್ ಹಾಕಿ ನೋಡಬೇಕು.

ಮೂರನೆಯದು ಶೇಡ್ ಪುಸ್ತಕವನ್ನು ತುಣುಕಿನ ಪಕ್ಕ ಹಿಡಿದು ಕಣ್ಣಿನಲ್ಲಿ ಆರಿಸುವುದು. ಇದನ್ನು ಕೀಳಾಗಿ ಕಾಣಬೇಕಿಲ್ಲ; ಅನುಭವಿ ಅಂಗಡಿಯವರ ಕಣ್ಣು ಯಂತ್ರಕ್ಕೆ ತೀರಾ ಹಿಂದೇನಲ್ಲ. ಆದರೆ ಟ್ಯೂಬ್‌ಲೈಟಿನ ಕೆಳಗೆ ಆರಿಸಬೇಡಿ, ಅಂಗಡಿಯ ಹೊರಗೆ ನೆರಳಿಗೆ ಬನ್ನಿ. ನೇರ ಬಿಸಿಲು ಬೇಡ, ಕಡುಮೋಡದ ಮಧ್ಯಾಹ್ನವೂ ಬೇಡ. ತುಣುಕನ್ನು ಕಾರ್ಡಿನ ಬಣ್ಣದ ಚೌಕದ ಮೇಲೆಯೇ ಇಡಿ, ಸುತ್ತಲಿನ ಬೇರೆ ಚೌಕಗಳನ್ನು ಬೂದು ಕಾಗದದಿಂದ ಮುಚ್ಚಿ. ಪಕ್ಕದ ಬಣ್ಣ ಕಣ್ಣನ್ನು ಎಳೆಯುತ್ತದೆ: ಕೆಂಪಿನ ಪಕ್ಕ ಇಟ್ಟ ಕ್ರೀಮ್ ಹಸಿರು ಹೊಡೆಯುತ್ತದೆ. ಒಂದನ್ನೇ ನೆಚ್ಚದೆ ಎರಡು ಮೂರು ಕೋಡ್ ಬರೆದುಕೊಂಡು ಎಲ್ಲವನ್ನೂ ಪರೀಕ್ಷೆಗೆ ಇಟ್ಟುಕೊಳ್ಳಿ.

ತೀರಾ ತೆಳು ಬಣ್ಣಗಳ ಬಗ್ಗೆ ಒಂದು ಎಚ್ಚರಿಕೆ. ಆಫ್‌ವೈಟ್, ಕ್ರೀಮ್ ಹೊಂದಿಸುವುದು ಸುಲಭ ಎಂದುಕೊಳ್ಳುತ್ತಾರೆ, ವಾಸ್ತವದಲ್ಲಿ ಅದೇ ಕಷ್ಟ. ಒಂದು ಲೀಟರ್ ತೆಳು ಬಣ್ಣಕ್ಕೆ ಬೀಳುವ ಕಲರೆಂಟ್ ಕೆಲವು ಹನಿ ಅಷ್ಟೇ. ಯಂತ್ರದ ನಳಿಕೆಯಲ್ಲಿ ಒಣಗಿದ ಕಲರೆಂಟ್ ಅಂಟಿ ಅರ್ಧ ಹನಿ ಕಡಿಮೆ ಬಿದ್ದರೂ ಬಣ್ಣ ಬೇರೆಯಾಗುತ್ತದೆ. ಒಂದು ಲೀಟರ್‌ನಲ್ಲಿ ಮಾಡಿದ ಮಾದರಿಗೂ ಆಮೇಲೆ ಹತ್ತು ಲೀಟರ್‌ನಲ್ಲಿ ಮಾಡಿದ್ದಕ್ಕೂ ಹೊಂದದಿರುವುದಕ್ಕೆ ಇದೇ ಕಾರಣ. ಗೋಡೆಗೆ ಹೊಡೆಯುವ ತೆಳು ಬಣ್ಣವನ್ನು ನಾಲ್ಕು ಲೀಟರ್ ಅಥವಾ ಹೆಚ್ಚಿನ ಡಬ್ಬಿಯಲ್ಲಿ ಮಾಡಿಸಿ, ಯಂತ್ರ ಆ ದಿನ ಆಗಲೇ ಕೆಲವು ಡಬ್ಬಿ ಮಾಡಿ ನಳಿಕೆ ಹಸಿಯಾಗಿರುವ ಹೊತ್ತಿನಲ್ಲಿ ಮಾಡಿಸಿ. ಮಾಡಿದ ಮೇಲೆ ಶೇಕರ್‌ನಲ್ಲಿ ಪೂರ್ತಿ ಹೊತ್ತು ಅಲುಗಿಸಿದ್ದಾರೆಯೇ ನೋಡಿ.

ಗಾಢ ಕೆಂಪು, ಗಾಢ ಹಳದಿಗಳ ಕಷ್ಟ ಬೇರೆ ತರದ್ದು. ಬೇಸ್‌ನಲ್ಲಿ ಬಿಳಿ ಇಲ್ಲದ ಕಾರಣ ಅಡಿಯ ಗೋಡೆ ಇಣುಕುತ್ತದೆ. ಎರಡು ಕೋಟ್‌ಗೆ ಬಣ್ಣ ಹೊಂದಲಿಲ್ಲ ಎಂದು ದೂರುವ ಮೊದಲು ಮೂರನೆಯ, ನಾಲ್ಕನೆಯ ಕೋಟ್ ಹೊಡೆದು ಅಡಿ ಮುಚ್ಚಿದೆಯೇ ನೋಡಬೇಕು.

ಪರೀಕ್ಷೆಯ ಹಲಗೆ

ಸಿಕ್ಕ ಸೂತ್ರವನ್ನು ನೇರ ಗೋಡೆಗೆ ಹೊಡೆಯಬೇಡಿ. ಸಿಗುವ ಅತಿ ಸಣ್ಣ ಡಬ್ಬಿ ಮಾಡಿಸಿ. ಕೆಲವು ಮಾಲುಗಳಲ್ಲಿ 200 ಮಿಲಿಯ ಸ್ಯಾಂಪಲ್ ಇರುತ್ತದೆ, ಇಲ್ಲದಿದ್ದರೆ ಒಂದು ಲೀಟರ್. ಒಂದಡಿ ಚದರದ ಹಾರ್ಡ್‌ಬೋರ್ಡ್ ಅಥವಾ ದಪ್ಪ ರಟ್ಟಿಗೆ ಗೋಡೆಗೆ ಹಾಕುವ ಪ್ರೈಮರನ್ನೇ ಹಚ್ಚಿ, ಗೋಡೆಗೆ ಬಳಸುವ ರೋಲರ್‌ನಿಂದಲೇ ಎರಡು ಕೋಟ್ ಹೊಡೆಯಿರಿ. ಗೋಡೆಗೆ ರೋಲರ್, ಹಲಗೆಗೆ ಬ್ರಷ್ ಆಗಬಾರದು. ರೋಲರ್ ಬಿಡುವ ಸಣ್ಣ ಚುಕ್ಕಿಗಳ ನೆರಳೇ ಬಣ್ಣವನ್ನು ಒಂದು ಎಳೆ ಗಾಢವಾಗಿ ತೋರಿಸುತ್ತದೆ. ನೀರು ಬೆರೆಸುವ ಅಳತೆಯೂ ಡಬ್ಬಿಯ ಮೇಲೆ ಬರೆದಷ್ಟೇ ಇರಲಿ.

ಎರಡು ಕೋಟುಗಳ ನಡುವೆ ಬೇಸಿಗೆಯಲ್ಲಿ ನಾಲ್ಕು ಗಂಟೆ ಬಿಟ್ಟರೆ ಸಾಕು. ಆಷಾಢದ ಜಡಿಮಳೆಯಲ್ಲಾದರೆ ಅದಕ್ಕೆ ಎರಡರಷ್ಟು. ಕೊನೆಯ ಕೋಟ್ ಆದ ಮೇಲೆ ಒಂದು ಪೂರ್ತಿ ದಿನ ಒಣಗಲಿ. ಹಸಿ ಎಮಲ್ಷನ್ ಹಾಲು ಬೆರೆತ ಹಾಗೆ ತೆಳುವಾಗಿ ಕಾಣುತ್ತದೆ, ಒಣಗಿದಂತೆ ಗಾಢವಾಗುತ್ತದೆ. ಸುಣ್ಣ, ಡಿಸ್ಟೆಂಪರ್ ಇದಕ್ಕೆ ತಿರುಗುಮುರುಗು: ಹಸಿಯಲ್ಲಿ ಗಾಢ, ಒಣಗಿದರೆ ಬಿಳುಪು. ಡಬ್ಬಿಯಲ್ಲಿ ಇಣುಕಿ ನೋಡಿ ‘ಹೊಂದಿತು’ ಎನ್ನುವುದು ಎರಡರಲ್ಲೂ ತಪ್ಪು.

ಹಲಗೆಯ ನಾಲ್ಕೂ ಅಂಚಿನಲ್ಲಿ ಬಣ್ಣ ತಾಗದ ಪಟ್ಟಿ ಇದ್ದರೆ ಕತ್ತರಿಸಿ ತೆಗೆಯಿರಿ. ಬಿಳಿ ಅಂಚು ಉಳಿದರೆ ಅದೇ ಹಳೆಯ ಬಣ್ಣಕ್ಕೂ ಹೊಸದಕ್ಕೂ ನಡುವೆ ಗಡಿಯಾಗಿ ಕಣ್ಣನ್ನು ಕೆಡಿಸುತ್ತದೆ. ಹಲಗೆಯನ್ನು ಮಲಗಿಸಿ ನೋಡಬೇಡಿ, ಗೋಡೆಗೆ ಒತ್ತಿ ಹಿಡಿಯಿರಿ, ಆರಡಿ ದೂರದಿಂದ ನೋಡಿ. ಬೆಳಗ್ಗೆ ಹತ್ತರ ಸುಮಾರಿಗೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ, ರಾತ್ರಿ ಮನೆಯ ದೀಪದಲ್ಲೊಮ್ಮೆ.

ಮಲೆನಾಡಿನ ಮನೆಗಳಲ್ಲಿ ಬೆಳಕೇ ಬಣ್ಣವನ್ನು ಬದಲಿಸುತ್ತದೆ. ಕಿಟಕಿಯ ಹೊರಗೆ ಅಡಿಕೆ ತೋಟವಿದ್ದರೆ ಒಳಗೆ ಬರುವ ಬೆಳಕು ಹಸಿರು ಹೊತ್ತು ಬರುತ್ತದೆ. ತೆಳು ಬೂದು, ತೆಳು ನೀಲಿ ಅಲ್ಲಿ ಪಾಚಿ ಬಣ್ಣಕ್ಕೆ ತಿರುಗಿದಂತೆ ಕಾಣುತ್ತವೆ. ಜಂಬಿಟ್ಟಿಗೆ ಹಾಸಿದ ಅಂಗಳದಿಂದ ಪುಟಿದ ಬಿಸಿಲು ಜಗಲಿಯ ಗೋಡೆಯ ಕೆಳಭಾಗವನ್ನು ಕೆಂಪಾಗಿಸುತ್ತದೆ. ಹೆಂಚಿನ ಮಾಡಿನ ನಡುವೆ ಕೂರಿಸಿದ ಗಾಜಿನ ಹೆಂಚು ಗೋಡೆಯ ಒಂದೇ ಭಾಗಕ್ಕೆ ಮೇಲಿನಿಂದ ಬೆಳಕು ಕೊಡುತ್ತದೆ. ಆದ್ದರಿಂದ ಹಾಲ್‌ನಲ್ಲಿ ಹೊಂದಿದ ಹಲಗೆ ಜಗಲಿಯಲ್ಲಿ ಹೊಂದೀತು ಎಂದು ನೆಚ್ಚಬಾರದು. ಯಾವ ಗೋಡೆಗೋ ಅದೇ ಗೋಡೆಯ ಮೇಲೆ ನೋಡಬೇಕು.

ಹಗಲಲ್ಲಿ ಸರಿಯಾಗಿ ಹೊಂದಿದ್ದು ರಾತ್ರಿ ಹಳದಿ ಎಲ್‌ಇಡಿ ಹಾಕಿದ ಕೂಡಲೇ ಬೇರೆಯಾದರೆ ಅದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಎರಡು ಕಂಪನಿಗಳು ಬೇರೆ ಬೇರೆ ಕಲರೆಂಟ್‌ಗಳನ್ನು ಕೂಡಿಸಿ ಒಂದೇ ಬಣ್ಣ ತಂದಿರುತ್ತವೆ. ಒಂದು ಬೆಳಕಿನಲ್ಲಿ ಒಂದೇ ಆಗಿ ಕಾಣುವ ಇವು ಇನ್ನೊಂದು ಬೆಳಕಿನಲ್ಲಿ ಬೇರ್ಪಡುತ್ತವೆ. ಕಂದು, ಬೂದು, ತೆಳು ನೇರಳೆ ಬಣ್ಣಗಳಲ್ಲಿ ಇದು ಹೆಚ್ಚು. ಅಂಗಡಿಗೆ ಮರಳಿ ಹೋಗಿ ಇದನ್ನೇ ಹೇಳಿ, ಇನ್ನೊಂದು ಕಲರೆಂಟ್ ಜೋಡಣೆಯ ಸೂತ್ರ ತೆಗೆಸಿ. ಸಾಫ್ಟ್‌ವೇರ್ ಒಂದೇ ತುಣುಕಿಗೆ ಹಲವು ಸೂತ್ರ ಕೊಡಬಲ್ಲದು, ಮೊದಲನೆಯದನ್ನೇ ಒಪ್ಪಬೇಕೆಂದಿಲ್ಲ. ಯಾವುದೂ ಹೊಂದದಿದ್ದರೆ ಆ ಕೋಣೆಯನ್ನು ಹೆಚ್ಚಾಗಿ ಬಳಸುವ ಹೊತ್ತಿನ ಬೆಳಕಿಗೆ ಆದ್ಯತೆ ಕೊಡಿ: ಮಲಗುವ ಕೋಣೆಗೆ ರಾತ್ರಿಯ ದೀಪ, ಜಗಲಿಗೆ ಹಗಲು.

ಸ್ವಲ್ಪ ತಪ್ಪಿದರೆ ತಿದ್ದುವುದು

ತಿದ್ದುವ ಇರಾದೆಯಿದ್ದರೆ ಬೇಕಾದ್ದಕ್ಕಿಂತ ಒಂದು ಎಳೆ ತೆಳುವಾದ ಬಣ್ಣದಿಂದಲೇ ಶುರು ಮಾಡಿ. ತೆಳುವನ್ನು ಗಾಢ ಮಾಡಲು ಹನಿ ಸಾಕು, ಗಾಢವನ್ನು ತೆಳು ಮಾಡಲು ಲೀಟರ್‌ಗಟ್ಟಲೆ ಬಿಳಿ ಸುರಿಯಬೇಕು. 100 ಮಿಲಿ ಬಣ್ಣವನ್ನು ಲೋಟಕ್ಕೆ ಅಳೆದು ತೆಗೆದುಕೊಳ್ಳಿ. ಮೆಡಿಕಲ್ ಅಂಗಡಿಯ 1 ಮಿಲಿ ಸಿರಿಂಜ್‌ನಿಂದ 0.1 ಮಿಲಿ ಕಲರೆಂಟ್ ಹಾಕಿ, ಎರಡು ನಿಮಿಷ ಕಲಸಿ, ರಟ್ಟಿಗೆ ಹಚ್ಚಿ, ಒಣಗಿಸಿ ನೋಡಿ. ಲೋಟದಲ್ಲಿ 0.1 ಮಿಲಿ ಎಂದರೆ ನಾಲ್ಕು ಲೀಟರ್‌ಗೆ 4 ಮಿಲಿ. ದೊಡ್ಡ ಡಬ್ಬಿಗೆ ಹಾಕುವಾಗ ಲೆಕ್ಕ ಬಂದದ್ದರ ಅರ್ಧವನ್ನು ಮೊದಲು ಹಾಕಿ, ನೋಡಿ, ಮಿಕ್ಕದ್ದನ್ನು ಆಮೇಲೆ ಹಾಕಿ.

ಕ್ರೀಮ್, ಹಳದಿ ಬಣ್ಣಗಳನ್ನು ಮಂಕಾಗಿಸಲು ಕಪ್ಪು ಹಾಕುವ ಅಭ್ಯಾಸ ಕೆಲವು ಪೇಂಟರ್‌ಗಳಿಗಿದೆ. ಹಳದಿಗೆ ಕಪ್ಪು ಬಿದ್ದರೆ ಹಸಿರು ಹೊಡೆಯುತ್ತದೆ. ಅಲ್ಲಿ ಬೇಕಾದದ್ದು ಹಳದಿ ಆಕ್ಸೈಡ್, ಜೊತೆಗೆ ಕೂದಲೆಳೆಯಷ್ಟು ಕೆಂಪು ಆಕ್ಸೈಡ್. ಹೊಸ ಬಣ್ಣ ನಸುಗೆಂಪಾಗಿದ್ದರೆ ಹಸಿರಿನ ಹನಿ, ನೀಲಿ ಹೊಡೆದರೆ ಹಳದಿ ಆಕ್ಸೈಡ್: ಎದುರು ಬಣ್ಣ ಒಂದನ್ನೊಂದು ತಗ್ಗಿಸುತ್ತವೆ. ಬಿಡಿಯಾಗಿ ಸಿಗುವ ಸ್ಟೇನರ್ ಎಂಬ ಕಲರೆಂಟ್‌ಗಳನ್ನು ಸಾದಾ ಬಿಳಿ ಎಮಲ್ಷನ್‌ಗೆ ಸುರಿಸುರಿದು ಗಾಢ ಬಣ್ಣ ತರಲು ಹೋಗಬೇಡಿ. ಎಮಲ್ಷನ್ನಿನಲ್ಲಿರುವ ಅಂಟು ಅಷ್ಟು ಕಲರೆಂಟನ್ನು ಹಿಡಿದಿಡಲಾರದೆ, ಒರೆಸಿದರೆ ಕೈಗೆ ಬಣ್ಣ ಬರುತ್ತದೆ.

ಹೊಳಪು ತಪ್ಪಿದರೆ ಬಣ್ಣವೂ ತಪ್ಪಿದಂತೆ

ಡೆಲ್ಟಾ ಇ ಅರ್ಧ ಬಂದಿದ್ದರೂ ಗೋಡೆ ಹೊಂದದಿರುವ ದೂರುಗಳಲ್ಲಿ ಹೆಚ್ಚಿನವು ಹೊಳಪಿನವು. ಮ್ಯಾಟ್ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ, ಅದೇ ಬಣ್ಣ ಬಿಳುಚಿದಂತೆ ಕಾಣುತ್ತದೆ. ಹೊಳಪಿನದ್ದು ಗಾಢವಾಗಿ, ತುಂಬಿಕೊಂಡಂತೆ ಕಾಣುತ್ತದೆ. ಒಂದು ಕಂಪನಿಯ ‘ಸಾಫ್ಟ್ ಶೀನ್’ (ನಸು ಹೊಳಪು) ಇನ್ನೊಂದರ ಸಾಫ್ಟ್ ಶೀನ್‌ಗೆ ಸಮ ಎಂಬ ನಿಯಮವಿಲ್ಲ. ಹಳೆಯ ಗೋಡೆಯ ಹೊಳಪು ವರ್ಷ ಕಳೆದಂತೆ ಇಳಿದಿರುತ್ತದೆ ಕೂಡ.

ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಗೋಡೆಗೆ ಅಂಟಿದಂತೆ ಹಿಡಿದು ಅಡ್ಡಕ್ಕೆ ಬೆಳಕು ಬಿಡಿ. ಹಳೆಯ ಗೋಡೆ, ಪಕ್ಕದಲ್ಲಿ ಹಲಗೆ. ಬೆಳಕು ಯಾವುದರ ಮೇಲೆ ಉದ್ದಕ್ಕೆ ಜಾರುತ್ತದೆಯೋ ಅದು ಹೆಚ್ಚು ಹೊಳಪಿನದು. ಹಲಗೆ ಹೆಚ್ಚು ಹೊಳೆದರೆ ಅದೇ ಸೂತ್ರವನ್ನು ಕಡಿಮೆ ಹೊಳಪಿನ ಮಾಲಿಗೆ ಮಾಡಿಸಿ. ಬೇಸ್ ಬದಲಾಗುವುದರಿಂದ ಮತ್ತೊಮ್ಮೆ ಹಲಗೆ ಪರೀಕ್ಷೆ ಬೇಕು; ಬೇಸರವಾದರೂ ಬಿಡಬೇಡಿ.

ಬಾಗಿಲು, ಕಿಟಕಿ ಸರಳು, ಗೇಟಿಗೆ ಹೊಡೆಯುವ ಎನಾಮಲ್ ಎಂಬ ಎಣ್ಣೆ ಬಣ್ಣಕ್ಕೆ ಇಷ್ಟು ತಾಪತ್ರಯವಿಲ್ಲ. ಭಾರತೀಯ ಮಾನಕ ಐಎಸ್ 5 ಪಟ್ಟಿಯ ಬಣ್ಣಗಳಿಗೆ ನಂಬರ್ ಇದೆ: ಸ್ಕೈ ಬ್ಲೂ 101, ಗೋಲ್ಡನ್ ಯೆಲ್ಲೋ 356, ಸಿಗ್ನಲ್ ರೆಡ್ 537, ಡಾರ್ಕ್ ಅಡ್ಮಿರಾಲ್ಟಿ ಗ್ರೇ 632. ಹಳೆಯದು ಇದರಲ್ಲೊಂದಾಗಿದ್ದರೆ ನಂಬರ್ ಹೇಳಿ ಬೇರೆ ಕಂಪನಿಯಲ್ಲೂ ಹತ್ತಿರದ್ದು ಪಡೆಯಬಹುದು. ಬಿಳಿ ಎನಾಮಲ್ ಮಾತ್ರ ಬೆಳಕು ಬೀಳದ ಕಡೆ ವರ್ಷಗಳಲ್ಲಿ ಹಳದಿಗೆ ತಿರುಗುತ್ತದೆ, ಹೊಸ ಬಿಳಿಗೆ ಅದು ಹೊಂದದು. ಅಲ್ಲಿ ಎಲ್ಲ ಬಾಗಿಲುಗಳನ್ನೂ ಒಟ್ಟಿಗೆ ಹೊಡೆಸುವುದೇ ದಾರಿ.

ಗೋಡೆ ಸಿದ್ಧವಿಲ್ಲದಿದ್ದರೆ ಯಾವ ಸೂತ್ರವೂ ನಿಲ್ಲದು

ಥಂಡಿ ಗೋಡೆಯ ಮೇಲೆ ಬಣ್ಣ ಮೊದಲು ಗಾಢವಾಗಿ ಕಾಣುತ್ತದೆ, ಆಮೇಲೆ ಮಚ್ಚೆ ಮಚ್ಚೆ. ಎರಡಡಿ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ 24 ಗಂಟೆ ಬಿಡಿ. ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿದರೆ ಗೋಡೆಯೊಳಗೆ ನೀರಿದೆ. ಹೊರಬದಿಯಲ್ಲಿ ಮಾತ್ರ ಪಸೆ ಇದ್ದರೆ ಅದು ಗಾಳಿಯದು. ಹೊಸನಗರ, ತೀರ್ಥಹಳ್ಳಿ, ಆಗುಂಬೆಯ ಸುತ್ತ ಮಳೆ ನಿಂತ ಮೇಲೂ ಗೋಡೆ ಆರಲು ವಾರಗಳು ಬೇಕು. ದೀಪಾವಳಿ ಕಳೆದು ಚಳಿ ಗಾಳಿ ಬೀಸಿದ ಮೇಲೆ ಶುರು ಮಾಡಿ, ಮುಂಗಾರಿಗೆ ಮೊದಲು ಮುಗಿಸುವುದು ಕ್ಷೇಮ. ಹೊಸ ಸಿಮೆಂಟ್ ಸಾರಣೆಯಾದರೆ ಕನಿಷ್ಠ 28 ದಿನ ಬಿಡಬೇಕು. ಅದರ ಕ್ಷಾರ ಕೆಲವು ಕಲರೆಂಟ್‌ಗಳನ್ನು ತಿಂದು ಬಣ್ಣ ಬಿಳುಚಿಸುತ್ತದೆ.

ಕೆರೆದು ಪುಟ್ಟಿ ಹಾಕಿದ ಜಾಗಕ್ಕೆ ಮಾತ್ರ ಪ್ರೈಮರ್ ಹಚ್ಚಿ ಉಳಿದದ್ದನ್ನು ಬಿಟ್ಟರೆ, ಎರಡೂ ಕಡೆ ಬಣ್ಣ ಹೀರುವುದು ಬೇರೆಯಾಗಿ ಅದೇ ಆಕಾರದ ಮಚ್ಚೆ ಏಳುತ್ತದೆ. ಇಡೀ ಗೋಡೆಗೆ ಪ್ರೈಮರ್ ಹಚ್ಚಿಸಿ. ಹಳೆಯ ಸುಣ್ಣದ ಮೇಲೆ ಎಮಲ್ಷನ್ ನಿಲ್ಲುವುದಿಲ್ಲ, ಪದರ ಪದರವಾಗಿ ಬರುತ್ತದೆ. ಸುಣ್ಣವನ್ನು ಕೆರೆದೇ ತೆಗೆಯಬೇಕು.

ಮಣ್ಣಿನ ಗೋಡೆಯ ವಿಷಯ ಪೂರ್ತಿ ಬೇರೆ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವ ಕೆಮ್ಮಣ್ಣಿನ ಗೋಡೆಗೆ ಹೊಂದುವ ಎಮಲ್ಷನ್ ಬೇಕೆಂದು ಹುಡುಕುವವರಿದ್ದಾರೆ. ಮಣ್ಣಿನ ಗೋಡೆ ಉಸಿರಾಡಬೇಕು. ಎಮಲ್ಷನ್ನಿನ ಪೊರೆ ಒಳಗಿನ ತೇವವನ್ನು ತಡೆದು ಮಣ್ಣನ್ನೇ ಸಡಿಲಿಸುತ್ತದೆ. ಅಲ್ಲಿ ಅದೇ ಊರಿನ ಕೆಮ್ಮಣ್ಣನ್ನೇ ಬಳಿಯಿರಿ. ಅದರ ಪಕ್ಕದ ಸಿಮೆಂಟ್ ಗೋಡೆಯನ್ನು ಆ ಬಣ್ಣಕ್ಕೆ ತರುವುದಾದರೆ ಮಾತ್ರ ಪೂರ್ತಿ ಮ್ಯಾಟ್ ಎಮಲ್ಷನ್‌ನಲ್ಲಿ ಕೆಂಪು ಆಕ್ಸೈಡ್, ಹಳದಿ ಆಕ್ಸೈಡ್ ಕೂಡಿಸಿದ ಸೂತ್ರ ಹತ್ತಿರ ಬರುತ್ತದೆ. ಒರಟು ಮಣ್ಣಿನ ಸಣ್ಣ ನೆರಳುಗಳನ್ನು ಯಂತ್ರ ಕಪ್ಪೆಂದು ಓದುವುದರಿಂದ, ಅದು ಕೊಟ್ಟ ಸೂತ್ರಕ್ಕಿಂತ ಒಂದು ಎಳೆ ತೆಳುವಾದ ಹಲಗೆಯನ್ನೂ ಮಾಡಿ ನೋಡಿ.

ಹೊರಗೋಡೆಗೆ ಆಕ್ಸೈಡ್ ಕಲರೆಂಟ್‌ಗಳ ಸೂತ್ರವನ್ನೇ ಕೇಳಿ. ಹೊಳೆಯುವ ಹಳದಿ, ಕೇಸರಿಗಳ ಸಾವಯವ ಕಲರೆಂಟ್‌ಗಳಲ್ಲಿ ಹಲವು ಬಿಸಿಲಿಗೆ ಬೇಗ ಮಾಸುತ್ತವೆ, ಇಂದು ಹೊಂದಿದ್ದು ಎರಡು ಬೇಸಿಗೆಯಲ್ಲಿ ಬೇರೆಯಾಗುತ್ತದೆ. ಕೆಂಪು ಮಣ್ಣಿನ ರಾಡಿ ಸಿಡಿಯುವ ಕೆಳಗಿನ ಎರಡಡಿಗೆ ಹೊಂದಿಸುವ ಕೆಲಸಕ್ಕೇ ಹೋಗದೆ, ಸುತ್ತ ಕಾವಿಯ ಬಣ್ಣದ ಪಟ್ಟಿ ಹೊಡೆಸುವುದು ಈ ಸೀಮೆಯ ಹಳೆಯ, ಸರಿಯಾದ ಪರಿಹಾರ.

ಎಷ್ಟು ತರಬೇಕು

ನಯವಾದ ಪುಟ್ಟಿ ಗೋಡೆಗೆ ಎರಡು ಕೋಟ್ ಹೊಡೆಯಲು ಲೀಟರ್‌ಗೆ ಸುಮಾರು 100ರಿಂದ 140 ಚದರಡಿ ಎಂದು ಹಿಡಿಯಿರಿ, ಒರಟು ಗೋಡೆಗೆ ಇನ್ನೂ ಕಡಿಮೆ. 12 ಅಡಿ ಉದ್ದ, 10 ಅಡಿ ಎತ್ತರದ ಒಂದು ಗೋಡೆ 120 ಚದರಡಿ. ಒಂದು ಲೀಟರ್ ಅಂಚಿಗೆ ಬರುತ್ತದೆ, ಎರಡು ತನ್ನಿ. 12ಕ್ಕೆ 10 ಅಡಿಯ ಕೋಣೆಯ ನಾಲ್ಕೂ ಗೋಡೆ 440 ಚದರಡಿ. ಒಂದು ಬಾಗಿಲಿಗೆ 21, ಎರಡು ಕಿಟಕಿಗೆ 32 ಕಳೆದರೆ 387. ನಾಲ್ಕು ಲೀಟರ್ ಬೇಕು. ಕಡಿಮೆ ಬಿದ್ದ ಮೇಲೆ ಇನ್ನೊಂದು ಡಬ್ಬಿ ಮಾಡಿಸಿದರೆ ಅದು ಮೊದಲಿನದಕ್ಕೆ ಹೊಂದುತ್ತದೆಂಬ ಖಾತ್ರಿಯಿಲ್ಲ. ಒಂದಕ್ಕಿಂತ ಹೆಚ್ಚು ಡಬ್ಬಿ ಇದ್ದರೆ ಎಲ್ಲವನ್ನೂ ದೊಡ್ಡ ಬಕೆಟ್‌ಗೆ ಸುರಿದು ಕಲಸಿ, ಆಮೇಲೆ ಗೋಡೆ ಮುಟ್ಟಿ. ಹೊಡೆಯುವಾಗ ಮೂಲೆಯಿಂದ ಮೂಲೆಗೆ ನಿಲ್ಲಿಸದೆ ಹೋಗಬೇಕು. ಊಟಕ್ಕೆ ಏಳುವುದಾದರೆ ಗೋಡೆ ಮುಗಿಸಿಯೇ ಏಳಬೇಕು, ಒಣಗಿದ ಅಂಚಿನ ಮೇಲೆ ಮತ್ತೆ ಹೊಡೆದ ಗೆರೆ ಹೋಗುವುದಿಲ್ಲ.

ಕೆಲಸ ಮುಗಿದ ಮೇಲೆ ಕಂಪನಿ, ಮಾಲಿನ ಹೆಸರು, ಹೊಳಪು, ಬೇಸ್, ಕಲರೆಂಟ್‌ಗಳ ಮಿಲಿ ಲೆಕ್ಕ, ತಾರೀಕು ಇಷ್ಟನ್ನೂ ಪರೀಕ್ಷೆಯ ಹಲಗೆಯ ಹಿಂಬದಿ ಬರೆದು, ಹಲಗೆಯನ್ನು ಕಾಗದದಲ್ಲಿ ಸುತ್ತಿ ಕಪಾಟಿನೊಳಗೆ ಇಡಿ. ಮುಚ್ಚಳದ ಚೀಟಿಯ ಫೋಟೋವನ್ನೂ ತೆಗೆದಿಡಿ. ಅಟ್ಟದ ತೇವಕ್ಕೆ ತಗಡಿನ ಡಬ್ಬಿ ತುಕ್ಕು ಹಿಡಿದು ಚೀಟಿ ಕಳಚುತ್ತದೆ. ಉಳಿದ ಬಣ್ಣವನ್ನು ಅಂಚಿನವರೆಗೆ ತುಂಬುವ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಸೋಸಿ ಹಾಕಿ. ನೀರು ಬೆರೆಸಿದ್ದನ್ನು ಇಡಬೇಡಿ, ಅದು ಕೊಳೆತು ನಾರುತ್ತದೆ.